ಸಂತಾನಚಿಕಿತ್ಸೆಯ ಇತಿಹಾಸದಲ್ಲಿ ಶ್ವಾಸದ ತೊಡಕು: ಜಮಖಂಡಿಯಿಂದ ಒಂದು ಅವಲೋಕನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನಲ್ಲಿ ಹರಡಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ಸಂತಾನಹೀನತೆಯೆಂಬುದು ಅಪರಿಚಿತವಾದ ವಿಷಯವಲ್ಲ. ಆದರೆ ಅದು ನಮ್ಮ ಕಡತಗಳಲ್ಲಿ ಎದುರಾಗುವುದು ರಾಜ್ಯಾಧಿಕಾರದ ಪ್ರಶ್ನೆಯಾಗಿ ಮಾತ್ರ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮನ್ನಿಸದೆ ಹೋದುದರಿಂದ ಒದಗಿದ ಯುದ್ಧ ಸರ್ವವಿದಿತವಾಗಿದೆ. ಪಟವರ್ಧನ ಮನೆತನದ ತಾಸಗಾವಿ ಶಾಖೆಯ ಸಂಸ್ಥಾನವು ವಾರಸುದಾರರಿಲ್ಲವೆಂಬ ಕಾರಣದಿಂದ 1848ರಲ್ಲಿ ಕಂಪನಿ ಸರ್ಕಾರದ ವಶವಾಯಿತು. ನರಗುಂದದ ಭಾಸ್ಕರರಾವ್ ಭಾವೆಯವರು ದತ್ತಕದ ಅನುಮತಿಯನ್ನು ಬೇಡಿ, ಅದು ದೊರೆಯದೆ, 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಆ ಪ್ರಕ್ಷೋಭೆಯ ಬಳಿಕ ಆಂಗ್ಲರು ದೇಶೀಯ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ನೀಡಿದರು. ಜಮಖಂಡಿಯ ಪಟವರ್ಧನರೂ ಅಂಥ ಸನದನ್ನು ಹೊಂದಿದ್ದರೆಂದು ಗ್ಯಾಝೆಟಿಯರಿನಲ್ಲಿ ನಮೂದಾಗಿದೆ.

ಇಷ್ಟೆಲ್ಲ ಕಾಗದಪತ್ರಗಳಲ್ಲಿ ಬಸಿರಾಗದ ಹೆಣ್ಣಿನ ದೇಹದ ಸುದ್ದಿ ಒಂದು ಸಾಲಿನಷ್ಟೂ ಕಾಣಬರುವುದಿಲ್ಲ. ಅರಮನೆಯಲ್ಲಿ ದತ್ತಕವಿದ್ದರೆ ಒಕ್ಕಲಿನ ಮನೆಯಲ್ಲಿ ಹರಕೆಯಿತ್ತು, ಅರಳಿಕಟ್ಟೆಯ ಪ್ರದಕ್ಷಿಣೆಯಿತ್ತು, ನಾಗರಕಲ್ಲಿನ ಪ್ರತಿಷ್ಠೆಯಿತ್ತು; ಗಂಡುಸಂತಾನವಿಲ್ಲದ ಕೆಲವು ಮನೆಗಳಲ್ಲಿ ಮಗಳನ್ನೇ ಸವದತ್ತಿಯ ಎಲ್ಲಮ್ಮನಿಗೆ ಬಿಟ್ಟು ಮನೆಯ ದೀಪವನ್ನು ಉಳಿಸಿಕೊಳ್ಳುವ ಕ್ರೂರ ಪದ್ಧತಿಯೂ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಾನಕ್ಕೆ ಸೂಜಿಮದ್ದು ಬಂದಿತು. ಈ ಹೊಸ ಉಪಾಯದಿಂದ ಅಸಂಖ್ಯ ಮನೆಗಳಲ್ಲಿ ತೊಟ್ಟಿಲು ತೂಗಿತೆಂಬುದು ನಿರ್ವಿವಾದ. ಆದರೆ ಅದರ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಹುಟ್ಟಿದ ಮಕ್ಕಳ ಎಣಿಕೆಯನ್ನೇ ಇತಿಹಾಸವೆಂದು ತಿಳಿದರು. ಕನ್ನಡದಲ್ಲಿ ನಾವು ಬಳಸುವ 'ಪ್ರನಾಳ ಶಿಶು' ಎಂಬ ಶಬ್ದವನ್ನೇ ನೋಡಬಹುದು: ಅದರಲ್ಲಿ ಪ್ರನಾಳವಿದೆ, ಶಿಶುವಿದೆ, ತಾಯಿಯಿಲ್ಲ. ಆ ಚಿಕಿತ್ಸೆಯಲ್ಲಿ ಬಳಸಲಾಗುವ ಹಾರ್ಮೋನುಗಳಿಂದ ಹೆಣ್ಣಿನ ಉಸಿರಾಟಕ್ಕೆ ಒದಗಬಹುದಾದ ತೊಡಕುಗಳು ಹೇಗೆ ಕಂಡುಬಂದವು, ಯಾರು ಅವನ್ನು ಗುರುತಿಸಿದರು, ಮತ್ತು ಜಮಖಂಡಿಯಂಥ ಊರಿಗೆ ಆ ತಿಳಿವಳಿಕೆ ಏಕೆ ಆವಶ್ಯಕ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ನಾವು ವೈದ್ಯರಲ್ಲ, ಇತಿಹಾಸದ ವಿದ್ಯಾರ್ಥಿಗಳಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವು ಅಂಡಾಶಯವನ್ನು ನಡೆಸುತ್ತದೆಂಬ ಸಂಗತಿ 1920ರ ದಶಕದಲ್ಲಿ ಸ್ಪಷ್ಟವಾಯಿತು. ಬರ್ಲಿನ್ ನಗರದಲ್ಲಿ ಆಶ್‌ಹೈಮ್ ಮತ್ತು ಝಾಂಡೆಕ್ ಎಂಬವರು ಗರ್ಭಿಣಿಯ ಮೂತ್ರದಲ್ಲಿ ಅಂಥ ಪ್ರಚೋದಕ ದ್ರವ್ಯವಿರುವುದನ್ನು 1927ರ ಸುಮಾರಿಗೆ ತೋರಿಸಿದರು. ಕ್ಯಾಲಿಫೋರ್ನಿಯಾದ ಕೋಲ್ ಮತ್ತು ಹಾರ್ಟ್ ಎಂಬವರು 1930ರಲ್ಲಿ ಗಬ್ಬದ ಕುದುರೆಯ ರಕ್ತದಲ್ಲಿ ಇದೇ ಬಗೆಯ ದ್ರವ್ಯವನ್ನು ಕಂಡರು. ಕುದುರೆಯ ರಕ್ತದಿಂದ ತೆಗೆದ ಮದ್ದು ಬೇಗನೆ ಬಂಜೆತನದ ಚಿಕಿತ್ಸೆಗೆ ಬಂದಿತು. ಅನ್ಯಪ್ರಾಣಿಯ ದ್ರವ್ಯವಾದುದರಿಂದ ಹೆಣ್ಣಿನ ದೇಹವು ಅದನ್ನು ಪ್ರತಿರೋಧಿಸಿ, ಕ್ರಮೇಣ ಅದು ನಿಷ್ಫಲವಾಗುತ್ತಿತ್ತು. 1949ರಲ್ಲಿ ಇಟಲಿಯ ಪಿಯೆರೊ ದೊನೀನಿ ಎಂಬ ರಸಾಯನಜ್ಞನು ಮುಟ್ಟು ನಿಂತ ಹೆಂಗಸರ ಮೂತ್ರದಿಂದ ಈ ಪ್ರಚೋದಕವನ್ನು ಶುದ್ಧೀಕರಿಸಿದನು. ವೃದ್ಧ ಕ್ರೈಸ್ತ ಸಂನ್ಯಾಸಿನಿಯರ ಆಶ್ರಮಗಳಿಂದ ಅದಕ್ಕೆ ಬೇಕಾದ ಮೂತ್ರವನ್ನು ಸಂಗ್ರಹಿಸಲಾಯಿತೆಂಬುದು ಈ ಚರಿತ್ರೆಯ ವಿಚಿತ್ರ ಸಂಗತಿಗಳಲ್ಲಿ ಒಂದು. ಸ್ವೀಡನ್ನಿನ ಗೆಮ್‌ಝೆಲ್ ಮೃತದೇಹಗಳ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು 1958ರಲ್ಲಿ ಪ್ರಯೋಗಿಸಿದನು. ಇಸ್ರೇಲಿನಲ್ಲಿ ಲೂನೆನ್‌ಫೆಲ್ಡ್ ಮತ್ತು ಅವನ ಸಂಗಡಿಗರ ಪ್ರಯತ್ನದಿಂದ, ಮೂತ್ರಜನ್ಯ ಹಾರ್ಮೋನಿನ ಚಿಕಿತ್ಸೆ ಪಡೆದ ತಾಯಿಗೆ ಮೊದಲ ಮಗು 1962ರಲ್ಲಿ ಹುಟ್ಟಿತು. ಗುಳಿಗೆಯಾಗಿ ನುಂಗಬಹುದಾದ ಕ್ಲೋಮಿಫೀನ್ ಎಂಬ ಮದ್ದನ್ನು ಗ್ರೀನ್‌ಬ್ಲಾಟ್ 1961ರಲ್ಲಿ ಪ್ರಕಟಪಡಿಸಿದನು. ಅಮೆರಿಕದಲ್ಲಿ ಅದಕ್ಕೆ 1967ರಲ್ಲಿ ಪರವಾನಿಗೆ ದೊರೆಯಿತು.

ಈ ಯಶಸ್ಸಿನ ಕಾಲಾನುಕ್ರಮಣಿಕೆಯ ಪಕ್ಕದಲ್ಲಿಯೇ ಇನ್ನೊಂದು ಅನುಕ್ರಮಣಿಕೆಯನ್ನು ಇಡಬೇಕಾಗುತ್ತದೆ. ಕುದುರೆಯ ಹಾರ್ಮೋನನ್ನು ಪಡೆದ ಹೆಂಗಸರಲ್ಲಿ ಅಂಡಾಶಯಗಳು ಮಿತಿಮೀರಿ ಬಾತುಕೊಳ್ಳುವುದನ್ನು ಡೆನ್ಮಾರ್ಕಿನ ರೀಡ್‌ಬೆರ್ಗ್ ಮತ್ತು ಪೆಡರ್ಸನ್-ಬ್ಯೆರ್ಗಾರ್ಡ್ 1943ರಲ್ಲಿಯೇ ವರದಿ ಮಾಡಿದ್ದರು. ಅಂದರೆ ಮಾನವ ಹಾರ್ಮೋನಿನಿಂದ ಮೊದಲ ಮಗು ಹುಟ್ಟುವುದಕ್ಕೆ ಸುಮಾರು ಎರಡು ದಶಕ ಮೊದಲೇ ಅಪಾಯದ ಮುನ್ಸೂಚನೆ ದೊರೆತಿತ್ತು. 1965ರಲ್ಲಿ ಇಸ್ರೇಲಿನ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಹಾರ್ಮೋನಿನಿಂದ ಅಂಡಾಶಯವನ್ನು ಪ್ರಚೋದಿಸಿದ ತರುವಾಯ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳನ್ನು ಬೆಳಕಿಗೆ ತಂದರು. ಆ ಲೇಖಕರ ಸಾಲಿನಲ್ಲಿ ಲೂನೆನ್‌ಫೆಲ್ಡ್‌ನ ಹೆಸರೂ ಇದೆ. ಮದ್ದನ್ನು ತಂದವನೇ ಮದ್ದಿನ ಕೇಡನ್ನೂ ಬರೆದಿಟ್ಟನೆಂಬುದು ಆತನ ಪ್ರಾಮಾಣಿಕತೆಗೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ. 1967ರಲ್ಲಿ ರಾಬಾವ್ ಮೊದಲಾದವರು ಈ ವಿಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ವರ್ಗೀಕರಿಸಿದರು. ಅದಕ್ಕೆ ಅಂಡಾಶಯದ ಅತಿಪ್ರಚೋದನೆಯೆಂಬ ಹೆಸರು ನಿಂತಿತು. 1989ರಲ್ಲಿ ಗೋಲಾನ್ ಮತ್ತು ಸಂಗಡಿಗರು ಮಾಡಿದ ಐದು ದರ್ಜೆಗಳ ವಿಂಗಡಣೆಯಲ್ಲಿ ಎದೆಗೂಡಿನ ನೀರು ಮತ್ತು ಉಸಿರಾಟದ ಕಷ್ಟ ನಾಲ್ಕನೆಯ ದರ್ಜೆಯ ಲಕ್ಷಣವೆನಿಸಿದುವು. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಪ್ರವೃತ್ತಿಯು ಐದನೆಯದರದು. ಹೀಗೆ ಉಸಿರಿನ ತೊಂದರೆಯು ತೀವ್ರರೂಪದ ಗುರುತೆಂದು ಒಪ್ಪಿತವಾಯಿತು.

ಅಂಡಾಶಯ ಹೊಟ್ಟೆಯ ಕೆಳಭಾಗದಲ್ಲಿರುವಾಗ ಶ್ವಾಸಕೋಶಕ್ಕೆ ತೊಡಕು ಬರುವುದೆಂತು ಎಂದು ಓದುಗರು ಕೇಳಬಹುದು. ಪ್ರಚೋದಕ ಸೂಜಿಗಳಿಂದ ಒಂದೇ ತಿಂಗಳಲ್ಲಿ ಅನೇಕ ಅಂಡಗಳು ಬೆಳೆದ ಮೇಲೆ, ಅವು ಪಕ್ವವಾಗಲೆಂದು ಗರ್ಭಿಣಿಯ ಮೂತ್ರದಲ್ಲಿ ದೊರೆಯುವ ಜಾತಿಯ ಹಾರ್ಮೋನನ್ನು ಕೊನೆಯ ಸೂಜಿಯಾಗಿ ಕೊಡುವುದು ದೀರ್ಘಕಾಲದ ರೂಢಿ. ದೇಹದ ಸ್ವಂತ ಹಾರ್ಮೋನಿಗಿಂತ ಇದು ಹೆಚ್ಚು ದಿನ ರಕ್ತದಲ್ಲಿ ನಿಲ್ಲುತ್ತದೆ. ಬಾತ ಅಂಡಾಶಯಗಳು ಇದರ ಪ್ರೇರಣೆಯಿಂದ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುವ ದ್ರವ್ಯವನ್ನು ಸ್ರವಿಸುತ್ತವೆ. ಆಗ ರಕ್ತದೊಳಗಿನ ನೀರು ಮತ್ತು ಪ್ರೋಟೀನು ನಾಳದಿಂದ ಹೊರಕ್ಕೆ ಒಸರಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತವೆ. ಹೊಟ್ಟೆ ಉಬ್ಬಿ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಅರಳಲು ಸ್ಥಳ ಸಾಲದಾಗುತ್ತದೆ. ನೀರು ವಪೆಯನ್ನು ದಾಟಿ ಎದೆಗೂಡಿಗೂ ಸೇರುವುದುಂಟು. ಇದು ಬಲಭಾಗದಲ್ಲಿಯೇ ಹೆಚ್ಚು. ಹೊಟ್ಟೆಯಲ್ಲಿ ನೀರು ಕಾಣದೆ ಎದೆಗೂಡಿನಲ್ಲಿ ಮಾತ್ರ ಕಂಡ ಪ್ರಕರಣಗಳೂ ವರದಿಯಾಗಿವೆ. ಇತ್ತ ನೀರು ಕಳೆದುಕೊಂಡ ರಕ್ತ ಗಟ್ಟಿಯಾಗುತ್ತದೆ. ಹಾರ್ಮೋನಿನ ಏರಿಕೆಯಿಂದ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಗರಣೆಯು ಸಾಮಾನ್ಯವಾಗಿ ಕಾಲಿನ ಅಭಿಧಮನಿಯಲ್ಲಿ ಕಟ್ಟುವುದು ವೈದ್ಯರಿಗೆಲ್ಲ ತಿಳಿದ ಮಾತು. ಈ ವಿಕಾರದಲ್ಲಿಯಾದರೋ ಕತ್ತು ಮತ್ತು ತೋಳಿನ ಅಭಿಧಮನಿಗಳಲ್ಲಿಯೂ ಅದು ಕಟ್ಟುವುದುಂಟು. ಅಲ್ಲಿಂದ ಕಳಚಿದ ಗರಣೆ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಕುತ್ತು. ಶ್ವಾಸಕೋಶದ ಒಳಗೇ ನೀರು ಒಸರಿ ಉಸಿರು ನಿಂತುಹೋದ ನಿದರ್ಶನವೂ ಇದೆ. 2000ರಲ್ಲಿ ಜಪಾನಿನಿಂದ ಪ್ರಕಟವಾದ ಒಂದು ಶವಪರೀಕ್ಷೆಯ ವರದಿ ಇದನ್ನು ಬಣ್ಣಿಸುತ್ತದೆ.

ಇಂಥ ತೀವ್ರರೂಪ ವಿರಳ. ಸಾಮಾನ್ಯವಾಗಿ ನೂರು ಚಿಕಿತ್ಸೆಗಳಲ್ಲಿ ಒಂದೆರಡು, ಅಥವಾ ಅದಕ್ಕಿಂತಲೂ ಕಡಿಮೆ ಎಂದು ಹೇಳಲಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ, ಕೃಶಾಂಗಿಯರಲ್ಲಿ, ಅಂಡಾಶಯದಲ್ಲಿ ಅನೇಕ ಸಣ್ಣ ನೀರ್ಗುಳ್ಳೆಗಳಿರುವವರಲ್ಲಿ ಇದರ ಸಂಭವ ಹೆಚ್ಚು. ವಿರಳವೆಂಬ ಮಾತಿನಿಂದ ಸಮಾಧಾನ ಹೊಂದುವುದು ಸುಲಭ. ಆದರೆ ಈ ಚಿಕಿತ್ಸೆಗೆ ಬರುವವಳು ರೋಗಿಯಲ್ಲ, ಬಹುಪಾಲು ಆರೋಗ್ಯವಂತಳಾದ ತರುಣಿ ಎಂಬುದನ್ನು ಮರೆಯಲಾಗದು.

ಹಾರ್ಮೋನು ಮತ್ತು ಶ್ವಾಸಕೋಶದ ಸಂಬಂಧವನ್ನು ಗುರುತಿಸಿದವರಲ್ಲಿ ಮಹಾನಗರದ ಪ್ರಾಧ್ಯಾಪಕರಲ್ಲದವರೂ ಇದ್ದರೆಂಬುದು ನಮಗೆ ವಿಶೇಷವಾಗಿ ಗಮನಾರ್ಹವೆನಿಸುತ್ತದೆ. 1961ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಜಾರ್ಡನ್ ಎಂಬ ಸಾಮಾನ್ಯ ವೈದ್ಯನು ಲ್ಯಾನ್ಸೆಟ್ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದನು. ಗರ್ಭಾಶಯದ ಒಳಪೊರೆಗೆ ಸಂಬಂಧಿಸಿದ ರೋಗಕ್ಕಾಗಿ ಹಾರ್ಮೋನಿನ ಗುಳಿಗೆ ನುಂಗುತ್ತಿದ್ದ ಒಬ್ಬ ದಾದಿಗೆ ಶ್ವಾಸಕೋಶದಲ್ಲಿ ಗರಣೆ ಕಟ್ಟಿದುದನ್ನು ಆತನು ಗಮನಿಸಿದ್ದನು. ಆ ಗುಳಿಗೆ ಸಂತಾನನಿರೋಧಕವೆಂದು ಜಗತ್ಪ್ರಸಿದ್ಧವಾಗತೊಡಗಿದ್ದ ಗುಳಿಗೆಯೇ. ಮುಂದೆ ನಡೆದ ದೊಡ್ಡ ಸಂಶೋಧನೆಗಳಿಗೂ ಮಾತ್ರೆಯ ಪ್ರಮಾಣವನ್ನು ತಗ್ಗಿಸಿದುದಕ್ಕೂ ಈ ಪತ್ರ ಮೊದಲ ಎಚ್ಚರಿಕೆಯಾಯಿತು. ಅದು ಸಂತಾನಚಿಕಿತ್ಸೆಯ ಪ್ರಕರಣವಲ್ಲವೆಂಬುದು ನಿಜ. ಆದರೂ ದಮ್ಮು ಹತ್ತಿ ಬಂದ ಹೆಂಗಸನ್ನು "ಈಚೆಗೆ ಏನು ಮದ್ದು ತೆಗೆದುಕೊಳ್ಳುತ್ತಿದ್ದಿ?" ಎಂದು ಕೇಳುವ ವೈದ್ಯನೊಬ್ಬ ಹಳ್ಳಿಗಾಡಿನಲ್ಲಿದ್ದರೆ ಎಷ್ಟು ಕೆಲಸವಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಸಿಕ್ಕಿಲ್ಲ.

ನಮ್ಮ ದೇಶದ ಅಧ್ಯಾಯವು ಕಲ್ಕತ್ತೆಯಿಂದ ಮೊದಲಾಗುತ್ತದೆ. ಇಂಗ್ಲೆಂಡಿನಲ್ಲಿ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಹಾರ್ಮೋನಿನ ಪ್ರಚೋದನೆಯಿಂದ ಅನೇಕ ವರ್ಷ ಯತ್ನಿಸಿ, ಕೊನೆಗೆ ಅದನ್ನು ಕೈಬಿಟ್ಟು, ಸಹಜವಾಗಿ ಬೆಳೆದ ಒಂದೇ ಅಂಡದಿಂದ ಯಶಸ್ಸು ಪಡೆದರು. 1978ರ ಜುಲೈ 25ರಂದು ಆ ಮಗು ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತು. ಅವರ ಮಾರ್ಗ ಬೇರೆಯಾಗಿತ್ತು. ಮೂತ್ರಜನ್ಯ ಹಾರ್ಮೋನಿನಿಂದ ಹಲವು ಅಂಡಗಳನ್ನು ಬೆಳೆಸಿ, ಭ್ರೂಣವನ್ನು ಶೀತಲೀಕರಿಸಿ ಕಾಪಿಟ್ಟು, ಮುಂದಿನ ಒಂದು ಋತುಚಕ್ರದಲ್ಲಿ ಅವರು ಅದನ್ನು ಗರ್ಭಾಶಯಕ್ಕೆ ಸೇರಿಸಿದರು. ಪ್ರಚೋದನೆಗೊಳಗಾದ ತಿಂಗಳಿನಲ್ಲಿ ಗರ್ಭಾಶಯವು ಭ್ರೂಣವನ್ನು ಧರಿಸಲು ಹದವಾಗಿರುವುದಿಲ್ಲವೆಂಬುದು ಅವರ ತರ್ಕವಾಗಿತ್ತು. ಸರ್ಕಾರ ನೇಮಿಸಿದ ಸಮಿತಿ ಅವರ ಹೇಳಿಕೆಯನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಇದೇ ಸಾಧನೆಯನ್ನು ದಾಖಲೆಸಹಿತ ಮಾಡಿ ತೋರಿಸಿದ ವಿಜ್ಞಾನಿ ಟಿ. ಸಿ. ಆನಂದಕುಮಾರ್, ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಆ ಗೌರವ ತನಗೆ ಸಲ್ಲತಕ್ಕದ್ದಲ್ಲವೆಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತನ್ನ ಪಟ್ಟವನ್ನು ತಾನೇ ಬಿಟ್ಟುಕೊಟ್ಟ ಇಂಥ ಉದಾಹರಣೆ ವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವ. ಪ್ರಸ್ತುತ ವಿಷಯಕ್ಕೆ ಇದರ ಸಂಬಂಧವೇನೆಂದರೆ, ಕೊನೆಯ ಸೂಜಿಯಿಂದ ಹುಟ್ಟುವ ತೊಡಕು ಕೆಲವು ದಿನಗಳಲ್ಲಿ ಇಳಿದುಹೋಗಬಹುದು. ಆದರೆ ಅದೇ ತಿಂಗಳು ಗರ್ಭ ನಿಂತರೆ ಗರ್ಭವೇ ಆ ಹಾರ್ಮೋನನ್ನು ಮತ್ತೆ ಉತ್ಪಾದಿಸುವುದರಿಂದ ತೊಡಕು ಮರುಕಳಿಸಿ ಉಗ್ರವಾಗುತ್ತದೆ. ಭ್ರೂಣಗಳನ್ನೆಲ್ಲ ಶೀತಲೀಕರಿಸಿಟ್ಟು, ಅಂಡಾಶಯ ಶಾಂತವಾದ ಮೇಲೆ ಸೇರಿಸಿದರೆ ಈ ಎರಡನೆಯ ಅಲೆಯೇ ಇಲ್ಲವಾಗುತ್ತದೆ. ಮುಖೋಪಾಧ್ಯಾಯರು ಉಸಿರಾಟದ ಅಪಾಯವನ್ನು ಉದ್ದೇಶಿಸಿ ಹೀಗೆ ಮಾಡಿದರೆಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು. ಅವರ ಉದ್ದೇಶ ಬೇರೆ. ಆದರೆ ಅವರು ಹಿಡಿದ ದಾರಿಯೇ ಮುಂದೆ ಹೆಣ್ಣಿನ ಉಸಿರನ್ನು ಕಾಯುವ ದಾರಿಯೂ ಆಯಿತು. ಕೊನೆಯ ಸೂಜಿಯ ಬದಲಾಗಿ ದೇಹದ ಸ್ವಂತ ಹಾರ್ಮೋನನ್ನೇ ಅಲ್ಪಕಾಲ ಉಕ್ಕಿಸುವ ಬೇರೊಂದು ಮದ್ದನ್ನು ಬಳಸಬಹುದೆಂದು 1990ರ ಸುಮಾರಿಗೆ ತಿಳಿದುಬಂದಿತು. ಇವೆರಡನ್ನೂ ಕೂಡಿಸಿದರೆ ಅತಿಪ್ರಚೋದನೆಯ ತೀವ್ರರೂಪವನ್ನು ಬಹುಮಟ್ಟಿಗೆ ಇಲ್ಲವಾಗಿಸಬಹುದೆಂದು ಬೆಲ್ಜಿಯಮ್ಮಿನ ದೆವ್ರುವಾ ಮತ್ತು ಸಂಗಡಿಗರು 2011ರಲ್ಲಿ ಪ್ರತಿಪಾದಿಸಿದರು. ಅಪಾಯದ ಮೊದಲ ವರದಿಗೂ ಈ ಪರಿಹಾರಕ್ಕೂ ನಡುವೆ 68 ವರ್ಷಗಳ ಅಂತರವಿದೆ.

ಎಲ್ಲ ತೊಡಕೂ ಅತಿಪ್ರಚೋದನೆಯದೇ ಅಲ್ಲ. ಭ್ರೂಣವನ್ನು ಸೇರಿಸಿದ ಬಳಿಕ ಗರ್ಭವನ್ನು ನಿಲ್ಲಿಸಲೆಂದು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚುವುದುಂಟು. ಎಳ್ಳೆಣ್ಣೆಯಲ್ಲಿ ಕರಗಿಸಿದ ಇಂಥ ಸೂಜಿಗಳನ್ನು ಪಡೆದ ಕೆಲವರಲ್ಲಿ ಜ್ವರ, ಕೆಮ್ಮು, ಏದುಸಿರು ಕಾಣಿಸಿಕೊಂಡು, ಪರೀಕ್ಷೆಯಲ್ಲಿ ಅದು ಒಗ್ಗದಿಕೆಯಿಂದ ಹುಟ್ಟಿದ ಶ್ವಾಸಕೋಶದ ಉರಿಯೂತವೆಂದು ತಿಳಿದ ಪ್ರಕರಣಗಳು 2004ರಿಂದೀಚೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಸೂಜಿಯನ್ನು ನಿಲ್ಲಿಸಿದಾಗ ಅವರು ಚೇತರಿಸಿಕೊಂಡರು. ಸಂಕ್ರಾಂತಿಗೆ ಎಳ್ಳು ಬೀರುವ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ತಿನ್ನುವ ನಮ್ಮ ಸೀಮೆಯವರಿಗೆ ಎಳ್ಳೆಣ್ಣೆ ಉಸಿರಿಗೆ ಮುಳುವಾದೀತೆಂಬುದು ನಂಬಲು ಕಷ್ಟವೇ ಸರಿ. ಈ ತೊಡಕು ಅತ್ಯಂತ ವಿರಳ. ಆದರೆ ಇದನ್ನು ಸಾಮಾನ್ಯ ನ್ಯುಮೋನಿಯಾ ಎಂದು ತಿಳಿದು ಸೂಜಿಯನ್ನು ಮುಂದುವರಿಸಿದರೆ ರೋಗ ಉಲ್ಬಣಿಸುತ್ತದೆ.

ತನ್ನ ಮಗುವಿಗಾಗಿ ಅಲ್ಲದೆ ಇತರರಿಗೆ ಅಂಡವನ್ನು ಕೊಡಲು ಈ ಸೂಜಿಗಳನ್ನು ತೆಗೆದುಕೊಳ್ಳುವ ಹೆಂಗಸರ ಮಾತು ಇನ್ನೂ ಕಠಿಣವಾದುದು. 2014ರಲ್ಲಿ ದೆಹಲಿಯಲ್ಲಿ ಅಂಡದಾನ ಮಾಡಿದ ತರುಣಿಯೊಬ್ಬಳು ಮೃತಳಾದಾಗ ಅತಿಪ್ರಚೋದನೆಯ ಪ್ರಸ್ತಾಪ ವೃತ್ತಪತ್ರಿಕೆಗಳಲ್ಲಿ ಬಂದು ಸಾಕಷ್ಟು ಚರ್ಚೆ ನಡೆಯಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯು ಅಂಡದಾನಿಯ ವಯಸ್ಸನ್ನು 23ರಿಂದ 35ಕ್ಕೆ ಮಿತಿಗೊಳಿಸಿತು; ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ, ಏಳಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಕೂಡದು, ಹನ್ನೆರಡು ತಿಂಗಳ ವಿಮೆ ಇರಬೇಕು ಎಂದು ವಿಧಿಸಿತು. ಏಳು ಎಂಬ ಸಂಖ್ಯೆ ತೆಗೆಯುವುದನ್ನು ಕಟ್ಟುಪಡಿಸುತ್ತದೆ. ಎಷ್ಟು ಬೆಳೆಸಬೇಕೆಂಬುದು ಸೂಜಿ ಕೊಡುವವರ ವಿವೇಕಕ್ಕೆ ಸೇರಿದುದು, ಅಪಾಯವಿರುವುದಾದರೋ ಬೆಳೆಸುವುದರಲ್ಲಿ.

ಇನ್ನು ಜಮಖಂಡಿಗೆ ಮರಳೋಣ. ಸಂಸ್ಥಾನದ ಕಾಲದಲ್ಲಿ ಈ ಕಡೆಯ ಜನ ದೊಡ್ಡ ರೋಗಕ್ಕೆ ಪಟವರ್ಧನರದೇ ಇನ್ನೊಂದು ಊರಾದ ಮಿರಜಿಗೆ, ವ್ಯಾನ್‌ಲೆಸ್ ವೈದ್ಯರ ಮಿಶನ್ ದವಾಖಾನೆಗೆ ಹೋಗುತ್ತಿದ್ದರು. ಸಂತಾನಚಿಕಿತ್ಸೆಗಾಗಿಯೂ ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಂಥ ದೂರದ ಊರುಗಳಿಗೆ ಹೋಗಿ ಬರುವುದುಂಟು. ಹೋದವರು ಚಿಕಿತ್ಸೆ ಮುಗಿದೊಡನೆ ಮನೆಗೆ ಮರಳುತ್ತಾರೆ. ಎಷ್ಟೋ ಮನೆಗಳಲ್ಲಿ ಹೋದ ಕಾರಣವನ್ನು ನೆರೆಹೊರೆಗೆ, ಒಮ್ಮೊಮ್ಮೆ ಅತ್ತೆಮಾವಂದಿರಿಗೂ, ತಿಳಿಸಿರುವುದಿಲ್ಲ. ತೊಡಕಿನ ಮೊದಲ ಅಲೆ ಬರುವುದು ಕೊನೆಯ ಸೂಜಿಯ ಮೂರರಿಂದ ಏಳು ದಿನಗಳಲ್ಲಿ. ಎರಡನೆಯದು ಹತ್ತು ದಿನಗಳಾಚೆ, ಬಸಿರು ನಿಂತಿತೆಂಬ ಸಂತೋಷದ ವಾರ್ತೆಯ ಬೆನ್ನಲ್ಲೇ. ಎರಡು ಸಂದರ್ಭಗಳಲ್ಲಿಯೂ ಆಕೆ ಇರುವುದು ಚಿಕಿತ್ಸೆ ನೀಡಿದ ನಗರದಲ್ಲಲ್ಲ, ತನ್ನ ಊರಿನಲ್ಲಿ. ರಾತ್ರಿ ಹೊಟ್ಟೆಯುಬ್ಬರ, ವಾಂತಿ, ಮೂತ್ರದ ಇಳಿತ, ಮಲಗಿದರೆ ದಮ್ಮು. ಅವಳನ್ನು ನೋಡತಕ್ಕವರು ಊರಿನ ವೈದ್ಯರು.

ತರುಣಿಯ ಎದೆಗೂಡಿನಲ್ಲಿ ನೀರು ಕಂಡರೆ ನಮ್ಮ ದೇಶದ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಅದು ತಪ್ಪಲ್ಲ, ಇಲ್ಲಿ ಅದರ ಕಾರಣ ಬಹುತೇಕ ಕ್ಷಯವೇ. ರಬಕವಿ-ಬನಹಟ್ಟಿಯ ನೇಕಾರರ ಮನೆಯವಳಾದರೆ ಮಗ್ಗದ ಧೂಳಿಗೆ ಹೊರಿಸುವುದೂ ಸುಲಭ. ಹೊಟ್ಟೆ ಉಬ್ಬಿ ಮೂತ್ರ ಕಡಿಮೆಯಾಯಿತೆಂದು ಮೂತ್ರ ಹೆಚ್ಚಿಸುವ ಮದ್ದನ್ನು ಕೊಟ್ಟರೆ, ಮೊದಲೇ ಗಟ್ಟಿಯಾಗಿರುವ ರಕ್ತ ಮತ್ತಷ್ಟು ಗಟ್ಟಿಯಾಗಿ ಗರಣೆಗೆ ದಾರಿಯಾಗಬಹುದು. ಇದೆಲ್ಲವೂ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಆ ಉತ್ತರವನ್ನು ಹೇಳಲು ಆಕೆ ಅಥವಾ ಆಕೆಯ ಸಂಗಡ ಬಂದವರು ಸಂಕೋಚಪಡುತ್ತಾರೆ. ಬಂಜೆ ಎಂಬ ಮಾತಿನ ಅವಮಾನ ಶತಮಾನಗಳಿಂದ ಇಲ್ಲಿ ಬೇರೂರಿರುವಾಗ ಈ ಮೌನಕ್ಕೆ ಅವರನ್ನು ದೂಷಿಸಲು ನಾವು ಸಿದ್ಧರಿಲ್ಲ. ಚಿಕಿತ್ಸಾಲಯಗಳು ಬಿಡುಗಡೆಯ ಕಾಗದದೊಡನೆ, ಕೊಟ್ಟ ಹಾರ್ಮೋನಿನ ಹೆಸರು, ಕೊನೆಯ ಸೂಜಿಯ ದಿನಾಂಕ, ಕಾಣಬಹುದಾದ ಲಕ್ಷಣಗಳು ಇವನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಆಕೆಯ ಕೈಯಲ್ಲಿಟ್ಟರೆ, ಬಾಯಿ ಬಿಟ್ಟು ಹೇಳಲಾಗದುದನ್ನು ಆಕೆ ತೋರಿಸಬಹುದು.

ಇತಿಹಾಸಕಾರನಿಗೆ ಇದರಲ್ಲಿ ಇನ್ನೊಂದು ಕಾಳಜಿಯುಂಟು. 2021ರ ಕಾಯಿದೆಯು ನೋಂದಾಯಿತ ಚಿಕಿತ್ಸಾಲಯಗಳು ತಮ್ಮ ದಾಖಲೆಗಳನ್ನು ಕನಿಷ್ಠ ಹತ್ತು ವರ್ಷ ಕಾಪಾಡಿ, ಅನಂತರ ರಾಷ್ಟ್ರೀಯ ನೋಂದಣಿಯ ಭಂಡಾರಕ್ಕೆ ಒಪ್ಪಿಸಬೇಕೆಂದು ಹೇಳುತ್ತದೆ. ಕಾಯಿದೆ ಜಾರಿಗೆ ಬಂದುದು 2022ರಲ್ಲಿ. ಆದುದರಿಂದ 2032ರಿಂದಾಚೆಗೆ ಈ ದಾಖಲೆಗಳು ಅಲ್ಲಿ ಕೂಡತೊಡಗುತ್ತವೆ. ಎಷ್ಟು ಸೂಜಿ, ಎಷ್ಟು ಅಂಡ, ಎಷ್ಟು ಭ್ರೂಣ, ಎಷ್ಟು ಮಕ್ಕಳು ಎಂಬುದು ಅವುಗಳಿಂದ ತಿಳಿದೀತು. ಆದರೆ ಮನೆಗೆ ಮರಳಿದ ಐದನೆಯ ರಾತ್ರಿ ಹೆಣ್ಣೊಬ್ಬಳು ಉಸಿರಿಗಾಗಿ ಒದ್ದಾಡುತ್ತ ಊರಿನ ದವಾಖಾನೆಗೆ ಬಂದರೆ ಅದು ದಾಖಲಾಗುವುದು ಆ ದವಾಖಾನೆಯ ರಾತ್ರಿಪಾಳಿಯ ಪುಸ್ತಕದಲ್ಲಿ, 'ಏದುಸಿರು' ಎಂಬ ಒಂದು ಶಬ್ದವಾಗಿ. ಆ ಪುಸ್ತಕ ಯಾವ ಭಂಡಾರಕ್ಕೂ ಹೋಗತಕ್ಕದ್ದೆಂದು ಈ ಕಾಯಿದೆ ವಿಧಿಸಿಲ್ಲ. ಪಟವರ್ಧನರ ದತ್ತಕಪತ್ರಗಳನ್ನು ಜೋಪಾನವಾಗಿ ತಿರುವಿಹಾಕುವ ನಮ್ಮ ಸಂಶೋಧಕ ವಿದ್ಯಾರ್ಥಿಗಳು, ಅನುಮತಿ ಪಡೆದು, ಹೆಸರುಗಳನ್ನು ಮರೆಮಾಡಿ, ಇಂಥ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಬೇಕೆಂದು ನಮ್ಮ ಬಿನ್ನಹ.